ಜಪಾನಿನ ಹಳೆಯ ವರ್ತಕರ ಊರು, ಕಾಲುವೆ ದಂಡೆ: ನಾಲ್ಕರಲ್ಲಿ ನಿಮಗೆ ಯಾವುದು?

ಜಪಾನ್ ಪ್ರವಾಸದ ಯೋಜನೆ ಮಾಡುವವರು ಸಾಮಾನ್ಯವಾಗಿ ಟೋಕಿಯೊ, ಕ್ಯೋಟೊ, ಒಸಾಕಾ, ಹಿರೋಶಿಮಾ ಎಂದು ಬರೆದುಕೊಂಡು ನಡುವೆ ಒಂದು ದಿನವನ್ನು ಖಾಲಿ ಉಳಿಸಿಕೊಳ್ಳುತ್ತಾರೆ. ಆ ದಿನವನ್ನು ಹಳೆಯ ವರ್ತಕರ ಊರೊಂದರ ಕಾಲುವೆ ದಂಡೆಗೆ ಕೊಡಿ ಎಂದು ಕೇಳಿದವರಿಗೆಲ್ಲ ನಾನು ಹೇಳುತ್ತೇನೆ. ಕೋಟೆಗಳಲ್ಲಿ ದೊರೆಗಳ ಜಪಾನ್ ಕಾಣುತ್ತದೆ, ಗುಡಿಗಳಲ್ಲಿ ಸನ್ಯಾಸಿಗಳ ಜಪಾನ್. ಅಕ್ಕಿ, ಹತ್ತಿ, ಚಾಪೆ, ಸೊಳ್ಳೆ ಪರದೆ ಮಾರಿ ಊರು ಕಟ್ಟಿದವರ ಜಪಾನ್ ನೋಡಬೇಕೆಂದರೆ ನೀರಿನ ಪಕ್ಕಕ್ಕೇ ಹೋಗಬೇಕು.

ಹಾಗೆ ಹೇಳಿದ ಕೂಡಲೇ ಬರುವ ಪ್ರಶ್ನೆ: ಯಾವ ಊರು? ಚಿತ್ರಗಳಲ್ಲಿ ನೋಡಿದರೆ ಎಲ್ಲವೂ ಒಂದೇ. ಬಿಳಿ ಗಾರೆಯ ಗೋಡೆ, ಕಪ್ಪು ಹೆಂಚು, ನೀರಿನ ಮೇಲೆ ಬಾಗಿದ ಮರ, ಚಪ್ಪಟೆ ತಳದ ದೋಣಿ. ಚಿತ್ರ ನೋಡಿ ಆರಿಸುವುದರಲ್ಲಿ ಅರ್ಥವಿಲ್ಲ. ಆ ಕಾಲುವೆಯನ್ನು ಯಾರು ಯಾವುದಕ್ಕಾಗಿ ತೋಡಿದರು, ಸರಕು ಸಾಗಣೆ ನಿಂತ ಮೇಲೆ ಅದರ ಗತಿ ಏನಾಯಿತು, ನೀವು ಉಳಿದುಕೊಳ್ಳುವ ನಗರದಿಂದ ಅದು ಎಷ್ಟು ದೂರ ಎಂಬ ಮೂರನ್ನು ನೋಡಿದರೆ ಆಯ್ಕೆ ಸುಲಭವಾಗುತ್ತದೆ. ಇಲ್ಲಿ ನಾಲ್ಕು ಊರುಗಳನ್ನು ತೆಗೆದುಕೊಂಡಿದ್ದೇನೆ: ಬಿವಾ ಸರೋವರದ ದಂಡೆಯ ಒಮಿಹಚಿಮಾನ್, ಒಕಾಯಾಮಾ ಪ್ರಾಂತ್ಯದ ಕುರಾಶಿಕಿ, ಟೋಕಿಯೊದ ಪೂರ್ವಕ್ಕೆ ಚಿಬಾ ಪ್ರಾಂತ್ಯದಲ್ಲಿರುವ ಸಾವಾರಾ, ಉತ್ತರದ ಹೊಕ್ಕೈಡೊದ ಒತಾರು. ಕ್ಯುಶು ಕಡೆಗೆ ಹೋಗುವವರು ಯಾನಗಾವಾದ ಹೆಸರನ್ನೂ ಕೇಳಿರುತ್ತಾರೆ. ಅಲ್ಲಿನ ದೋಣಿಯಾನ ಸೊಗಸಾಗಿದೆ, ಆದರೆ ಅದು ಕೋಟೆಯ ಸುತ್ತ ಬೆಳೆದ ಊರು, ವರ್ತಕರದಲ್ಲ. ಆದ್ದರಿಂದ ಈ ಲೆಕ್ಕದಿಂದ ಹೊರಗಿಟ್ಟಿದ್ದೇನೆ.

ನನ್ನ ಮನಸ್ಸು ಯಾವ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಯೋಟೊದಲ್ಲಿ ಉಳಿದುಕೊಳ್ಳುವವರು ಎರಡನೇ ಯೋಚನೆ ಮಾಡದೆ ಒಮಿಹಚಿಮಾನ್‌ಗೆ ಹೋಗಬೇಕು. ಉಳಿದ ಮೂರಕ್ಕೂ ಅವುಗಳದೇ ಆದ ಕಾರಣಗಳಿವೆ, ಅವನ್ನೂ ಹೇಳುತ್ತೇನೆ.

ಒಮಿಹಚಿಮಾನ್: ಮುಚ್ಚಿಹೋಗಬೇಕಿದ್ದ ಕಾಲುವೆ

1585ರಲ್ಲಿ, ಜಪಾನನ್ನು ಒಗ್ಗೂಡಿಸುತ್ತಿದ್ದ ದೊರೆ ತೊಯೊತೊಮಿ ಹಿದೆಯೊಶಿಯ ಸೋದರಳಿಯ ಹಿದೆತ್ಸುಗು ಇಲ್ಲಿನ ಹಚಿಮಾನ್ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದ. ಆಗ ಅವನಿಗೆ ಇನ್ನೂ ಹದಿನೆಂಟರ ಆಸುಪಾಸು. ಬೆಟ್ಟದ ಬುಡದಲ್ಲಿ ತೋಡಿಸಿದ ಕಂದಕವನ್ನು ಶತ್ರುಗಳನ್ನು ತಡೆಯುವುದಕ್ಕಷ್ಟೇ ಬಿಡಲಿಲ್ಲ. ಎರಡೂ ತುದಿಗಳನ್ನು ಬಿವಾ ಸರೋವರದ ನೀರಿಗೆ ಸೇರಿಸಿ, ಸರೋವರದಲ್ಲಿ ಸಂಚರಿಸುವ ಸರಕಿನ ದೋಣಿಗಳೆಲ್ಲ ಈ ಕಾಲುವೆಗೆ ಬಂದೇ ಹೋಗಬೇಕೆಂದು ಕಟ್ಟಳೆ ಮಾಡಿದ. ಉತ್ತರದ ಸರಕು ಕ್ಯೋಟೊ, ಒಸಾಕಾಗಳಿಗೆ ಹೋಗುತ್ತಿದ್ದ ದಾರಿ ಇದು. ಹತ್ತಿರದ ಅಜುಚಿಯಲ್ಲಿ, ಹಿದೆಯೊಶಿಗಿಂತ ಮುಂಚೆ ಅಧಿಕಾರದಲ್ಲಿದ್ದ ಒದಾ ನೊಬುನಾಗಾನ ಕೋಟೆ ಸುಟ್ಟುಹೋದ ಮೇಲೆ ಅಲ್ಲಿನ ಕುಶಲಕರ್ಮಿಗಳನ್ನೂ ವ್ಯಾಪಾರಿಗಳನ್ನೂ ಇಲ್ಲಿಗೆ ಕರೆತಂದು, ಚದುರಂಗದ ಮಣೆಯಂತೆ ಬೀದಿಗಳನ್ನು ಗೆರೆ ಎಳೆದು ಊರು ಹಾಕಿಸಿದ. ಆ ಬೀದಿಗಳ ಅಚ್ಚು ಇಂದಿಗೂ ಬದಲಾಗಿಲ್ಲ.

ಹತ್ತು ವರ್ಷಗಳಲ್ಲಿ ಕೋಟೆಯ ಕಥೆ ಮುಗಿಯಿತು. 1595ರಲ್ಲಿ ಹಿದೆಯೊಶಿಯ ಕೋಪಕ್ಕೆ ಗುರಿಯಾದ ಹಿದೆತ್ಸುಗು ಪ್ರಾಣ ಬಿಡಬೇಕಾಯಿತು, ಕೋಟೆಯನ್ನು ಕೆಡವಿಹಾಕಿದರು. ದೊರೆಯಿಲ್ಲದ ಊರು ಹಾಳು ಬೀಳಬೇಕಿತ್ತು. ಇಲ್ಲಿನ ವರ್ತಕರು ಹೆಗಲ ಮೇಲೆ ಕಾವಡಿ ಹೊತ್ತು ಹೊರಟರು. ಚಾಪೆಯ ಹೊದಿಕೆ, ಸೆಣಬಿನ ಬಟ್ಟೆ, ಸೊಳ್ಳೆ ಪರದೆಗಳನ್ನು ದೂರದ ಎದೊಗೆ, ಅಂದರೆ ಇಂದಿನ ಟೋಕಿಯೊಗೆ, ಒಯ್ದು ಮಾರಿದರು. ಒಮಿ (ಈ ಸೀಮೆಯ ಹಳೆಯ ಹೆಸರು) ವರ್ತಕರೆಂದು ಜಪಾನಿನಾದ್ಯಂತ ಹೆಸರಾದವರಲ್ಲಿ ಇವರೂ ಇದ್ದಾರೆ. 1566ರಲ್ಲಿ ಶುರುವಾದ ನಿಶಿಕಾವಾ ವ್ಯಾಪಾರ ಮನೆತನ ಇಂದಿಗೂ ಹಾಸಿಗೆ, ಹೊದಿಕೆ ಮಾರುತ್ತಿದೆ. ಮಾಸಲು ಬಣ್ಣದ ಸೊಳ್ಳೆ ಪರದೆಗೆ ಎಳೆ ಹಸಿರು ಬಣ್ಣ ಹಾಕಿ, ಅಂಚಿಗೆ ಕೆಂಪು ಪಟ್ಟಿ ಹೊಲಿಸಿದ್ದು ಆ ಮನೆತನದ ಎರಡನೇ ತಲೆಮಾರಿನವರೆಂದು ಹೇಳುತ್ತಾರೆ. ಮಾರುವವರಿಗೂ ಕೊಳ್ಳುವವರಿಗೂ ಲೋಕಕ್ಕೂ ಒಳ್ಳೆಯದಾಗಬೇಕು ಎಂಬುದು ಒಮಿ ವರ್ತಕರ ನೀತಿಯೆಂದು ಜಪಾನಿನ ವ್ಯಾಪಾರ ಪಾಠಗಳಲ್ಲಿ ಈಗಲೂ ಹೇಳಿಕೊಡುತ್ತಾರೆ.

ಇಷ್ಟೇ ಆಗಿದ್ದರೆ ಒಮಿಹಚಿಮಾನ್ ಇನ್ನೊಂದು ಹಳೆಯ ಊರು ಅಷ್ಟೆ. ನನ್ನನ್ನು ಹಿಡಿದು ನಿಲ್ಲಿಸುವುದು ಇಪ್ಪತ್ತನೇ ಶತಮಾನದ ಕಥೆ. ರೈಲು, ಲಾರಿಗಳು ಬಂದ ಮೇಲೆ ಕಾಲುವೆಗೆ ಕೆಲಸ ಉಳಿಯಲಿಲ್ಲ. ಎರಡನೇ ಮಹಾಯುದ್ಧದ ನಂತರ ಮನೆಗಳ ಕೊಳಚೆ ನೀರು ಸೇರಿ, ಹೂಳು ತುಂಬಿ, ಜೊಂಡು ಬೆಳೆದು, ಸೊಳ್ಳೆ ಮತ್ತು ದುರ್ವಾಸನೆಯ ಗುಂಡಿಯಾಯಿತು. ಮುಚ್ಚಿ ವಾಹನ ನಿಲುಗಡೆಗೋ ಉದ್ಯಾನಕ್ಕೋ ಜಾಗ ಮಾಡಿದರೆ ಸಾಕೆಂದು ಸುತ್ತಲಿನವರಿಗೇ ಅನಿಸಿತ್ತು, ಯೋಜನೆಯೂ ಸಿದ್ಧವಾಯಿತು. ಆಗ, 1970ರ ದಶಕದ ಆರಂಭದಲ್ಲಿ, ಊರಿನ ಯುವ ಉದ್ಯಮಿಗಳ ಸಂಘದವರು ಎದ್ದು ನಿಂತರು. ಕಂದಕ ಮುಚ್ಚಿದ ಕ್ಷಣದಿಂದಲೇ ಪಶ್ಚಾತ್ತಾಪ ಶುರು ಎಂಬುದು ಅವರ ಘೋಷಣೆ. ಬರೀ ಘೋಷಣೆ ಕೂಗಿ ಮನೆಗೆ ಹೋಗಲಿಲ್ಲ. ಮೊಣಕಾಲುದ್ದದ ಕೆಸರಿಗಿಳಿದು ತಾವೇ ಹೂಳೆತ್ತಲು ಶುರು ಮಾಡಿದರು. ಮೊದಮೊದಲು ದೂರ ನಿಂತು ನೋಡಿದ ಜನ ಆಮೇಲೆ ಒಬ್ಬೊಬ್ಬರಾಗಿ ಕೈಜೋಡಿಸಿದರು. ಕೊನೆಗೆ ಪ್ರಾಂತ್ಯದ ಸರ್ಕಾರ ಮುಚ್ಚುವ ಯೋಜನೆಯನ್ನು ಕೈಬಿಟ್ಟಿತು. ಹೂಳು ತೆಗೆದು, ಕಲ್ಲಿನ ದಂಡೆಯನ್ನು ಮತ್ತೆ ಕಟ್ಟಿದರು. 1991ರಲ್ಲಿ ಕಾಲುವೆ ಮತ್ತು ವರ್ತಕರ ಬೀದಿಗಳು ರಾಷ್ಟ್ರೀಯ ಸಂರಕ್ಷಿತ ಪ್ರದೇಶಗಳ ಪಟ್ಟಿ ಸೇರಿದವು. 2006ರಲ್ಲಿ ಊರಿನಾಚೆಯ ಜೊಂಡಿನ ಜೌಗು ನೆಲ ಜಪಾನಿನ ಮೊಟ್ಟಮೊದಲ 'ಪ್ರಮುಖ ಸಾಂಸ್ಕೃತಿಕ ಭೂದೃಶ್ಯ'ವೆಂದು ಗುರುತಿಸಲ್ಪಟ್ಟಿತು. ಈ ಕಥೆ ಗೊತ್ತಿದ್ದು ಆ ದಂಡೆಯ ಮೇಲೆ ನಡೆಯುವುದಕ್ಕೂ ಗೊತ್ತಿಲ್ಲದೆ ನಡೆಯುವುದಕ್ಕೂ ತುಂಬ ವ್ಯತ್ಯಾಸವಿದೆ.

ಕ್ಯೋಟೊ ನಿಲ್ದಾಣದಿಂದ ಬಿವಾಕೊ ಮಾರ್ಗದ ವಿಶೇಷ ವೇಗದ ರೈಲಿನಲ್ಲಿ ಸುಮಾರು 35 ನಿಮಿಷ. ವೇಗದ ರೈಲೆಂದು ಹೆಚ್ಚಿನ ದರವಿಲ್ಲ, ಮಾಮೂಲಿ ಟಿಕೆಟ್ ಸಾಕು. ನಿಲ್ದಾಣದಿಂದ ಕಾಲುವೆಗೆ ನಡೆದರೆ ಅರ್ಧ ಗಂಟೆ. ಆ ದಾರಿಯಲ್ಲಿ ನೋಡುವಂಥದ್ದು ಹೆಚ್ಚೇನಿಲ್ಲ, ಬಸ್ ಹಿಡಿಯುವುದೇ ಜಾಣತನ. ಹಕುಉನ್ ಸೇತುವೆಯ ಬಳಿ ಇಳಿದರೆ ಒಂದು ಕಡೆ ಹಿಮುರೆ ಹಚಿಮಾನ್ ದೇಗುಲ, ಕೆಳಗೆ ಕಾಲುವೆ, ಮೇಲೆ ಬೆಟ್ಟಕ್ಕೆ ಹೋಗುವ ರೋಪ್‌ವೇ. ಹಗ್ಗದ ತೊಟ್ಟಿಲಿನಲ್ಲಿ ನಾಲ್ಕೇ ನಿಮಿಷದಲ್ಲಿ ಕೋಟೆಯಿದ್ದ ಜಾಗ ತಲುಪುತ್ತೀರಿ. ಕೋಟೆಯ ಕಲ್ಲಿನ ಗೋಡೆಗಳ ನಡುವೆ ಹಿದೆತ್ಸುಗುವಿನ ತಾಯಿ ಮಗನ ಆತ್ಮಶಾಂತಿಗಾಗಿ ಸ್ಥಾಪಿಸಿದ ಜುಇರ್ಯುಜಿ ಎಂಬ ಗುಡಿ ಇದೆ. ಅದು ಮೊದಲು ಕ್ಯೋಟೊದಲ್ಲಿತ್ತು, 1960ರ ದಶಕದಲ್ಲಿ ಇಲ್ಲಿಗೆ ಬಂತು. ತಾಯಿ ಕಟ್ಟಿಸಿದ ಗುಡಿ ಮಗನ ಬೆಟ್ಟ ಸೇರಲು ಇಷ್ಟು ಶತಮಾನ ಹಿಡಿಯಿತು. ಮೇಲಿನಿಂದ ಸರೋವರ, ಗದ್ದೆ, ಜೊಂಡಿನ ನೀರು, ನೇರ ಗೆರೆಯ ಬೀದಿಗಳು ಒಟ್ಟಿಗೆ ಕಾಣುತ್ತವೆ. ಮೊದಲು ಮೇಲೆ ಹತ್ತಿ ಊರಿನ ನಕ್ಷೆಯನ್ನು ಕಣ್ಣಲ್ಲಿ ತುಂಬಿಕೊಂಡು ಆಮೇಲೆ ಕೆಳಗಿಳಿದು ಕಾಲುವೆ ನೋಡುವ ಕ್ರಮ ನನಗೆ ಇಷ್ಟ.

ಇಲ್ಲಿ ದೋಣಿಯಾನಗಳು ಎರಡು ಬಗೆಯವು, ಜನ ಗೊಂದಲ ಮಾಡಿಕೊಳ್ಳುವುದು ಇಲ್ಲಿಯೇ. ಊರೊಳಗಿನ ಕಾಲುವೆಯಲ್ಲಿ ಅರ್ಧ ಗಂಟೆ ಸುತ್ತಿಸುವುದು ಒಂದು. ಅದು ಮೋಟಾರು ದೋಣಿ. ಊರಿನಾಚೆ ಜೊಂಡಿನ ನಡುವೆ ಕೈಹುಟ್ಟು ಹಾಕುತ್ತ ಒಂದು ಗಂಟೆಗೂ ಹೆಚ್ಚು ಕಾಲ ಕರೆದೊಯ್ಯುವುದು ಇನ್ನೊಂದು. ಸಮಯವಿದ್ದರೆ ಎರಡನೆಯದನ್ನೇ ಆರಿಸಿ. ಊರೊಳಗಿನ ಕಾಲುವೆಯನ್ನು ದಂಡೆಯ ಮೇಲೆ ನಡೆದೇ ಚೆನ್ನಾಗಿ ನೋಡಬಹುದು, ಜೊಂಡಿನ ನಡುವಿನ ನಿಶ್ಶಬ್ದ ನಡೆದರೆ ಸಿಗುವುದಿಲ್ಲ. ಅಂಬಿಗರು ಹುಟ್ಟು ಹಾಕುವುದು ಮುಖ್ಯವಾಗಿ ವಸಂತದಿಂದ ಶರತ್ಕಾಲದವರೆಗೆ.

ಮಧ್ಯಾಹ್ನ ಶಿನ್‌ಮಾಚಿ ಬೀದಿಗೆ ಹೋಗಿ. ನಿಶಿಕಾವಾ ರಿಯೆಮೊನ್ ಎಂಬ ವರ್ತಕರ ಮನೆ ಅಲ್ಲಿ ತೆರೆದಿದೆ. ಹೊರಗಿನಿಂದ ಎಷ್ಟು ಸಾದಾ, ಒಳಗೆ ಎಷ್ಟು ಅಚ್ಚುಕಟ್ಟು ಎಂದು ನೋಡುತ್ತ ನಿಂತುಬಿಡುತ್ತೀರಿ. ಬೇಲಿಗಳ ಮೇಲಿಂದ ಪೈನ್ ಮರಗಳು ಬೀದಿಗೆ ಬಾಗಿವೆ. 1905ರಲ್ಲಿ ಇಂಗ್ಲಿಷ್ ಮೇಷ್ಟರಾಗಿ ಅಮೆರಿಕದಿಂದ ಬಂದು, ಇಲ್ಲಿಯೇ ನೆಲೆಸಿ, ಜಪಾನಿನಾದ್ಯಂತ ಕಟ್ಟಡಗಳನ್ನು ವಿನ್ಯಾಸಗೊಳಿಸಿ, ಮೆಂಥೊಲೇಟಮ್ ಮುಲಾಮನ್ನು ಈ ದೇಶಕ್ಕೆ ಪರಿಚಯಿಸಿದ ವಿಲಿಯಂ ಮೆರೆಲ್ ವೋರಿಸ್ ಅವರ ಊರೂ ಇದೇ. ಅವರು ವಿನ್ಯಾಸಗೊಳಿಸಿದ ಹಳೆಯ ಅಂಚೆ ಕಚೇರಿ ಕಟ್ಟಡ ಇದೇ ಹಳೆಯ ಬೀದಿಗಳಲ್ಲಿದೆ. ಹುಲ್ಲು ಹೊದಿಸಿದ ಮಾಡಿನ ಲಾ ಕೊಲಿನಾ ಎಂಬ ಸಿಹಿತಿಂಡಿ ಅಂಗಡಿಯ ಚಿತ್ರವನ್ನು ನೀವು ನೋಡಿರುತ್ತೀರಿ, 2015ರಲ್ಲಿ ತೆರೆದದ್ದು. ವಾಸ್ತುಶಿಲ್ಪಿ ಫುಜಿಮೊರಿ ತೆರುನೊಬು ಅವರ ಕೆಲಸ ಚೆನ್ನಾಗಿದೆ, ಆದರೆ ವಾರಾಂತ್ಯದ ಸರತಿ ಸಾಲಿನಲ್ಲಿ ಕಾಲುವೆಯ ಸಮಯವನ್ನು ಕಳೆದುಕೊಳ್ಳಬೇಡಿ.

ಕುರಾಶಿಕಿ: ಹತ್ತಿಯ ಹಣ, ಚಿತ್ರಕಲೆಯ ಮನೆ

ನಾಲ್ಕರಲ್ಲಿ ಅತ್ಯಂತ ಅಂದದ, ಅತ್ಯಂತ ಜನಜಂಗುಳಿಯ ಊರು ಇದು. 1642ರಲ್ಲಿ ಕುರಾಶಿಕಿ ನೇರವಾಗಿ ಶೋಗುನರ, ಅಂದರೆ ಆಗ ದೇಶವನ್ನು ಆಳುತ್ತಿದ್ದ ಸೇನಾಧಿಪತಿಗಳ, ಆಡಳಿತಕ್ಕೆ ಸೇರಿತು. ಸುತ್ತಲಿನ ಅಕ್ಕಿ ಇಲ್ಲಿಗೆ ಬಂದು, ಉಗ್ರಾಣಗಳಲ್ಲಿ ಸೇರಿ, ಕುರಾಶಿಕಿ ನದಿಯ ಕಾಲುವೆಯಿಂದ ಸಮುದ್ರಕ್ಕೆ ಇಳಿಯುತ್ತಿತ್ತು. ಆಗ ಭರತ ಇಳಿತದ ನೀರು ಇಲ್ಲಿಯವರೆಗೂ ಬರುತ್ತಿತ್ತು. ಸರಕು ಇಳಿಸುತ್ತಿದ್ದ ಕಲ್ಲಿನ ಮೆಟ್ಟಿಲುಗಳು ದಂಡೆಯಲ್ಲಿ ಹಾಗೆಯೇ ಉಳಿದಿವೆ.

ಸಮುದ್ರವನ್ನು ಹಿಂದೆ ಸರಿಸಿ ಪಡೆದ ಹೊಸ ನೆಲದಲ್ಲಿ ಉಪ್ಪಿನಂಶ ಹೆಚ್ಚು, ಭತ್ತ ಒಗ್ಗಲಿಲ್ಲ. ರೈತರು ಹತ್ತಿ ಹಾಕಿದರು. ಹತ್ತಿಗೆ ಗೊಬ್ಬರ ಬೇಕಲ್ಲವೇ? ಅದು ಬಂದದ್ದು ಹೊಕ್ಕೈಡೊದಿಂದ. ನಮ್ಮ ಕರಾವಳಿಯಲ್ಲಿ ತೆಂಗಿನ ಬುಡಕ್ಕೆ ಬೂತಾಯಿ ಮೀನಿನ ಗೊಬ್ಬರ ಹಾಕುವಂತೆ, ಇಲ್ಲಿ ಹೆರಿಂಗ್ ಮೀನನ್ನು ಬೇಯಿಸಿ ಎಣ್ಣೆ ಹಿಂಡಿದ ಹಿಂಡಿಯನ್ನು ಹತ್ತಿಗೆ ಹಾಕುತ್ತಿದ್ದರು. ಕಿತಾಮಾಯೆ ಎಂಬ ಹಡಗುಗಳು ಜಪಾನ್ ಸಮುದ್ರವನ್ನು ಬಳಸಿ ಅದನ್ನು ಹೊತ್ತು ತರುತ್ತಿದ್ದವು. ಒಮಿಯ ವರ್ತಕರೂ ಹೊಕ್ಕೈಡೊದ ಮೀನುಗಾರಿಕೆಯಲ್ಲಿ ಹಣ ತೊಡಗಿಸಿದ್ದರು. ಒತಾರು ಬೆಳೆದದ್ದೂ ಹೆರಿಂಗಿನಿಂದಲೇ. ಒಂದೊಂದು ಊರನ್ನು ನೋಡುವಾಗ ಇನ್ನೊಂದು ಊರಿನ ನೆನಪು ಬರುವುದು ಇದಕ್ಕೆ.

ಹತ್ತಿಯಿಂದ ನೂಲಿನ ಗಿರಣಿ ಹುಟ್ಟಿತು. 1888ರಲ್ಲಿ ಸ್ಥಾಪನೆಯಾದ ಕುರಾಶಿಕಿ ನೂಲು ಕಂಪನಿಯ 1889ರ ಕೆಂಪು ಇಟ್ಟಿಗೆಯ ಗಿರಣಿ ಈಗ ಐವಿ ಸ್ಕ್ವೇರ್ ಎಂಬ ಹೋಟೆಲು ಮತ್ತು ಅಂಗಳ. ಜಪಾನಿನ ಗಿರಣಿಗಳು ಬೆಳೆದಂತೆ ಅವಕ್ಕೆ ಭಾರತದ ಹತ್ತಿ ಬೇಕಾಯಿತು. 1893ರಲ್ಲಿ ಟಾಟಾ ಸಂಸ್ಥೆಯ ಸಹಕಾರದಿಂದ ನಿಪ್ಪೊನ್ ಯೂಸೆನ್ ಕಂಪನಿ ಮುಂಬಯಿಗೆ ಹಡಗು ಸಂಚಾರ ಆರಂಭಿಸಿದ್ದು ಆ ಹತ್ತಿಗಾಗಿ. ಅದೇ ಹಡಗು ಕಂಪನಿಯ ಹಳೆಯ ಕಲ್ಲಿನ ಶಾಖಾ ಕಟ್ಟಡ ಒತಾರುವಿನಲ್ಲಿದೆ.

ಗಿರಣಿಯ ಎರಡನೇ ತಲೆಮಾರಿನ ಒಡೆಯ ಒಹಾರಾ ಮಾಗೊಸಾಬುರೊ ಆಸ್ಪತ್ರೆ ಕಟ್ಟಿಸಿದರು, ಸಾಮಾಜಿಕ ಸಂಶೋಧನಾ ಸಂಸ್ಥೆ ತೆರೆದರು, ತಮ್ಮ ಗೆಳೆಯ, ಚಿತ್ರಕಾರ ಕೊಜಿಮಾ ತೊರಾಜಿರೊ ಅವರನ್ನು ಯುರೋಪಿಗೆ ಕಳುಹಿಸಿ ಚಿತ್ರಗಳನ್ನು ಕೊಳ್ಳಿಸಿದರು. ಕೊಜಿಮಾ 1929ರಲ್ಲಿ ತೀರಿಕೊಂಡರು. ಮರುವರ್ಷ, 1930ರಲ್ಲಿ, ಅವರ ನೆನಪಿಗೆ ಕಾಲುವೆಯ ಪಕ್ಕದಲ್ಲಿಯೇ ಒಹಾರಾ ಕಲಾ ಸಂಗ್ರಹಾಲಯ ತೆರೆಯಿತು. ಜಪಾನಿನಲ್ಲಿ ಪಾಶ್ಚಾತ್ಯ ಕಲೆಗೆಂದೇ ಮೀಸಲಾದ ಮೊದಲ ಸಂಗ್ರಹಾಲಯ ಅದು. ಎಲ್ ಗ್ರೆಕೊ ಬರೆದ ದೇವದೂತನ ಶುಭವಾರ್ತೆಯ ಚಿತ್ರ, ಫ್ರಾನ್ಸಿನ ಚಿತ್ರಕಾರ ಮೊನೆ ಬರೆದ ನೈದಿಲೆಗಳು ಇಲ್ಲಿವೆ. ವರ್ತಕರ ಊರಿನ ಪುಟ್ಟ ಕಾಲುವೆಯ ಪಕ್ಕ ಗ್ರೀಕ್ ಗುಡಿಯಂಥ ಕಂಬಗಳನ್ನು ಕಂಡು ಮೊದಲು ಬೆರಗಾಗುತ್ತದೆ, ಒಳಗೆ ಹೋಗಿ ಬಂದ ಮೇಲೆ ಅದು ಅಲ್ಲಿಯೇ ಇರಬೇಕೆನಿಸುತ್ತದೆ. ಚಿತ್ರಕಲೆಯಲ್ಲಿ ಆಸಕ್ತಿಯಿರುವವರು ಒಮಿಹಚಿಮಾನ್ ಬಗ್ಗೆ ನಾನು ಹೇಳಿದ್ದನ್ನೆಲ್ಲ ಬದಿಗಿಟ್ಟು ಕುರಾಶಿಕಿಗೇ ಹೋಗಬಹುದು. 1948ರಲ್ಲಿ ಹಳೆಯ ಅಕ್ಕಿಯ ಉಗ್ರಾಣಗಳಲ್ಲಿ ತೆರೆದ ಜಾನಪದ ಕರಕುಶಲ ಸಂಗ್ರಹಾಲಯವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬುಟ್ಟಿ, ಗಡಿಗೆ, ನೇಯ್ಗೆಗಳನ್ನು ಕೈಗೆ ಸಿಗುವಷ್ಟು ಹತ್ತಿರ ನೋಡಬಹುದು. ದಯವಿಟ್ಟು ಬಿಡಬೇಡಿ.

ಕುರಾಶಿಕಿಯ ಕೊರತೆಯೆಂದರೆ ಹನ್ನೊಂದು ಗಂಟೆಯಿಂದ ನಾಲ್ಕರವರೆಗಿನ ಜನ. ಕಾಲುವೆಯ ಅಂದದ ಭಾಗ ಚಿಕ್ಕದು, ಐದು ನಿಮಿಷ ನಡೆದರೆ ಮುಗಿಯುತ್ತದೆ, ಎಲ್ಲರೂ ಅಲ್ಲಿಯೇ ಸೇರುತ್ತಾರೆ. ದೋಣಿಯಾನ ಇಪ್ಪತ್ತು ನಿಮಿಷದ್ದು, ದೋಣಿಗೆ ಆರೇ ಜನ, ಅಂಬಿಗ ಜಲ್ಲೆಯೂರಿ ನಡೆಸುತ್ತಾನೆ. ಟಿಕೆಟ್ ಬೇಗ ಮುಗಿಯುತ್ತದೆ, ಬೆಳಿಗ್ಗೆ ಹೋದ ಕೂಡಲೇ ಮೊದಲು ಅದನ್ನು ಕೊಳ್ಳಿ. ಇಲ್ಲಿ ಒಂದು ರಾತ್ರಿ ಉಳಿಯುವುದು ಎಲ್ಲಕ್ಕಿಂತ ಒಳ್ಳೆಯದು. ಸಂಜೆ ಅಂಗಡಿ ಮುಚ್ಚಿ ಪ್ರವಾಸಿಗಳು ರೈಲು ಹಿಡಿದ ಮೇಲೆ ದೀಪದ ಬೆಳಕಿನಲ್ಲಿ ದಂಡೆ ನಿಮ್ಮದೇ ಆಗುತ್ತದೆ. ನಾಲ್ಕು ಊರುಗಳಲ್ಲಿ ಉಳಿದುಕೊಂಡರೆ ಇನ್ನಷ್ಟು ಚೆನ್ನಾಗಿ ಕಾಣುವ ಊರು ಇದೊಂದೇ ಎಂದು ನನ್ನ ಅಭಿಪ್ರಾಯ. ಸೋಮವಾರ ಮಾತ್ರ ಇಲ್ಲಿಗೆ ಬರಬೇಡಿ, ಸಂಗ್ರಹಾಲಯಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ.

ಶಿಂಕಾನ್ಸೆನ್ ಎಂಬ ಬುಲೆಟ್ ರೈಲಿನಲ್ಲಿ ಹೋಗಿ ಒಕಾಯಾಮಾದಲ್ಲಿ ಇಳಿದು, ಅಲ್ಲಿಂದ ಸ್ಥಳೀಯ ರೈಲಿನಲ್ಲಿ 17 ನಿಮಿಷ. ಶಿನ್-ಕುರಾಶಿಕಿ ಎಂಬ ಶಿಂಕಾನ್ಸೆನ್ ನಿಲ್ದಾಣವೂ ಇದೆ. ಹೆಸರು ನೋಡಿ ಅಲ್ಲಿಗೆ ಟಿಕೆಟ್ ತೆಗೆಸಬೇಡಿ. ಶಿಂಕಾನ್ಸೆನ್ ರೈಲುಗಳಲ್ಲೇ ಹೆಚ್ಚು ವೇಗದವು ಅಲ್ಲಿ ನಿಲ್ಲುವುದಿಲ್ಲ, ಇಳಿದ ಮೇಲೂ ಕುರಾಶಿಕಿಗೆ ಇನ್ನೊಂದು ರೈಲು ಹಿಡಿಯಬೇಕು. ಕುರಾಶಿಕಿ ನಿಲ್ದಾಣದಿಂದ ಕಾಲುವೆಗೆ ಹದಿನೈದು ನಿಮಿಷದ ನಡಿಗೆ.

ಸಾವಾರಾ: ನಕ್ಷೆ ಬರೆದ ಅಕ್ಕಿ ವ್ಯಾಪಾರಿ

ತೊನೆ ನದಿಯ ದೋಣಿಗಳು ಎದೊ ನಗರಕ್ಕೆ ಅಕ್ಕಿ, ಸಾಕೆ ಎಂಬ ಅಕ್ಕಿಯ ಮದ್ಯ, ಸೋಯಾ ಸಾಸು ಸಾಗಿಸುತ್ತಿದ್ದ ಕಾಲದಲ್ಲಿ ಸಾವಾರಾ ಎದೊವನ್ನೇ ಮೀರಿಸುವ ಊರೆಂದು ಹೆಮ್ಮೆಪಡುತ್ತಿತ್ತು. ಊರಿನ ನಡುವೆ ಹರಿಯುವ ಒನೊ ಹೊಳೆಯೇ ಇಲ್ಲಿನ ಕಾಲುವೆ. ನಾಲ್ಕರಲ್ಲಿ ತೋರಿಕೆ ಕಡಿಮೆ ಇರುವುದು ಇಲ್ಲಿಯೇ. ಹಲವು ಹಳೆಯ ಅಂಗಡಿಗಳು ಇನ್ನೂ ಅಂಗಡಿಗಳಾಗಿಯೇ ನಡೆಯುತ್ತಿವೆ.

ಇಲ್ಲಿಗೆ ಹೋಗಲು ಒಬ್ಬ ವ್ಯಕ್ತಿಯೇ ಸಾಕಷ್ಟು ಕಾರಣ. ಇನೊ ತದತಕ (1745–1818) ಹದಿನೇಳನೇ ವಯಸ್ಸಿಗೆ ಈ ಊರಿನ ವರ್ತಕ ಮನೆಗೆ ಅಳಿಯನಾಗಿ ಬಂದರು. ಸಾಕೆ, ಅಕ್ಕಿಯ ವ್ಯಾಪಾರವನ್ನು ಬೆಳೆಸಿದರು, ಕ್ಷಾಮದಲ್ಲಿ ಜನರಿಗೆ ಅಕ್ಕಿ ಹಂಚಿದರು, ನಲವತ್ತೊಂಬತ್ತಕ್ಕೆ ವ್ಯವಹಾರವನ್ನು ಮಗನಿಗೆ ಒಪ್ಪಿಸಿ ಎದೊಗೆ ಹೋದರು. ಅಲ್ಲಿ ತಮಗಿಂತ ಹತ್ತೊಂಬತ್ತು ವರ್ಷ ಚಿಕ್ಕವರಾದ ಖಗೋಳಶಾಸ್ತ್ರಜ್ಞ ತಕಾಹಾಶಿ ಯೊಶಿತೊಕಿ ಅವರ ಶಿಷ್ಯರಾದರು. 1800ರಿಂದ 1816ರವರೆಗೆ ಜಪಾನಿನ ಕರಾವಳಿಯನ್ನು ಅಳೆದರು. ಅವರು ತೀರಿಕೊಂಡ ಮೇಲೆ ಶಿಷ್ಯರು 1821ರಲ್ಲಿ ಪೂರ್ಣಗೊಳಿಸಿದ ನಕ್ಷೆ ಎಷ್ಟು ಕರಾರುವಾಕ್ಕಾಗಿತ್ತೆಂದರೆ ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿಯೂ ಅದು ಬಳಕೆಯಲ್ಲಿತ್ತು. ಅವರ ಮನೆ ಹೊಳೆಯ ದಂಡೆಯಲ್ಲಿದೆ, ಎದುರು ದಂಡೆಯಲ್ಲಿ ಸ್ಮಾರಕ ಸಂಗ್ರಹಾಲಯ. ನಡುವಿನ ಚಿಕ್ಕ ಸೇತುವೆಯಿಂದ ಹಗಲು ಹೊತ್ತಿನಲ್ಲಿ ಅರ್ಧ ಗಂಟೆಗೊಮ್ಮೆ ಎರಡೂ ಬದಿಗೆ ನೀರು ಧುಮುಕುತ್ತದೆ. ಹಿಂದೆ ಇದು ಹೊಳೆಯಾಚೆಯ ಗದ್ದೆಗಳಿಗೆ ನೀರು ದಾಟಿಸುವ ತೊಟ್ಟಿಸೇತುವೆಯಾಗಿತ್ತು. ಐವತ್ತು ದಾಟಿದ ತಂದೆತಾಯಿಯರನ್ನು ಕರೆದುಕೊಂಡು ಹೋಗುವವರಿಗೆ ಈ ಮನೆಯನ್ನು ನಾನು ವಿಶೇಷವಾಗಿ ಸೂಚಿಸುತ್ತೇನೆ.

2011ರ ಮಹಾಭೂಕಂಪದಲ್ಲಿ ಇಲ್ಲಿ ನೆಲ ಕುಸಿದು ದಂಡೆ ಒಡೆಯಿತು, ಹಳೆಯ ಮನೆಗಳ ಹೆಂಚುಗಳು ಉದುರಿದವು. ಮತ್ತೆ ಕಟ್ಟಿಕೊಂಡಿದ್ದಾರೆ. ಜುಲೈ ಮತ್ತು ಅಕ್ಟೋಬರಿನಲ್ಲಿ ನಡೆಯುವ ರಥೋತ್ಸವದಲ್ಲಿ ಪುರಾಣ ಪುರುಷರ ದೈತ್ಯ ಬೊಂಬೆಗಳನ್ನು ಹೊತ್ತ ಮರದ ರಥಗಳು ಈ ಇಕ್ಕಟ್ಟಾದ ಬೀದಿಗಳಲ್ಲಿ ಒಂದು ಚಕ್ರವನ್ನು ಕೀಲಾಗಿಸಿ ಗಿರಗಿರನೆ ತಿರುಗುತ್ತವೆ. 2016ರಲ್ಲಿ ಜಪಾನಿನ ರಥೋತ್ಸವಗಳ ಜೊತೆ ಇದೂ ಯುನೆಸ್ಕೊ ಪಟ್ಟಿಗೆ ಸೇರಿತು. ದಸರಾ ರಜೆಗೆ ಜಪಾನಿಗೆ ಹೋಗುವವರಿಗೆ ಅಕ್ಟೋಬರಿನ ಉತ್ಸವ ಕೂಡಿಬರಬಹುದು, ಆ ವರ್ಷದ ದಿನಾಂಕ ನೋಡಿಕೊಳ್ಳಿ.

ಒತಾರು: ಅರ್ಧ ಉಳಿದದ್ದು

ಒತಾರುವಿನ ಕಾಲುವೆ ಉಳಿದವುಗಳಷ್ಟು ಹಳೆಯದಲ್ಲ. 1923ರಲ್ಲಿ ಮುಗಿದದ್ದು. ನೆಲವನ್ನು ಅಗೆದು ತೋಡಿದ್ದಲ್ಲ, ಸಮುದ್ರದಲ್ಲಿ ಮಣ್ಣು ತುಂಬಿ ನಡುವೆ ಬಿಟ್ಟ ನೀರು. ದಡದ ಗೆರೆಯೊಂದಿಗೆ ಅದು ಬಾಗಿರುವುದು ಇದರಿಂದಲೇ. ದೊಡ್ಡ ಹಡಗುಗಳಿಂದ ಸರಕು ಇಳಿಸಿಕೊಂಡ ಚಪ್ಪಟೆ ದೋಣಿಗಳು ಕಲ್ಲಿನ ಉಗ್ರಾಣಗಳ ಬಾಗಿಲಿಗೇ ಬರುತ್ತಿದ್ದವು. ಹಡಗುಗಳು ನೇರವಾಗಿ ಧಕ್ಕೆಗೆ ಬರಲಾರಂಭಿಸಿದಾಗ ಕಾಲುವೆ ಬೇಡವಾಯಿತು, 1966ರಲ್ಲಿ ಮುಚ್ಚಿ ಹೆದ್ದಾರಿ ಮಾಡಲು ನಿರ್ಧಾರವಾಯಿತು. ಇಲ್ಲಿಯೂ ಜನ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದರು. ಸಿಕ್ಕಿದ್ದು ಅರ್ಧ. ನಲವತ್ತು ಮೀಟರ್ ಅಗಲದ ಕಾಲುವೆಯಲ್ಲಿ ಒಂದು ಭಾಗದ ಇಪ್ಪತ್ತು ಮೀಟರನ್ನು ರಸ್ತೆಗೆ ಕೊಟ್ಟು, 1986ರಲ್ಲಿ ದಂಡೆಗೆ ಕಲ್ಲು ಹಾಸಿ 63 ಅನಿಲ ದೀಪಗಳನ್ನು ನಿಲ್ಲಿಸಿದರು. ಚಿತ್ರಗಳಲ್ಲಿ ಕಾಣುವುದು ಈ ಅರ್ಧ. ಒಮಿಹಚಿಮಾನ್ ಕಥೆ ತಿಳಿದವರು ಇಲ್ಲಿ ನಿಂತರೆ ಹಿಂದೆ ಓಡುವ ಲಾರಿಗಳ ಸದ್ದು ಬೇರೆಯಾಗಿಯೇ ಕೇಳುತ್ತದೆ. ಜನಜಂಗುಳಿಯನ್ನು ಬಿಟ್ಟು ಉತ್ತರದ ತುದಿಗೆ ಹತ್ತು ನಿಮಿಷ ನಡೆಯಿರಿ. ಅಲ್ಲಿ ಕಾಲುವೆ ತನ್ನ ಮೂಲ ಅಗಲದಲ್ಲಿಯೇ ಇದೆ, ದೋಣಿಗಳು ಕಟ್ಟಿವೆ, ಪ್ರವಾಸಿಗಳು ಕಡಿಮೆ.

ಇದಕ್ಕಾಗಿಯೇ ಹೊಕ್ಕೈಡೊಗೆ ಹೋಗಬೇಕಾಗಿಲ್ಲ. ಸಪ್ಪೊರೊದಲ್ಲಿ ಇದ್ದರೆ ಮಾತ್ರ ಬಿಡಬಾರದು. ರೈಲಿನಲ್ಲಿ ಸುಮಾರು 35 ನಿಮಿಷ, ಬಲಗಡೆಯ ಕಿಟಕಿಯಲ್ಲಿ ಕೂತರೆ ಕೊನೆಯ ಭಾಗದಲ್ಲಿ ಸಮುದ್ರ ಹಳಿಯ ಪಕ್ಕದಲ್ಲಿಯೇ ಇರುತ್ತದೆ. ಫೆಬ್ರವರಿಯಲ್ಲಿ ಹಿಮದ ಮೇಲೆ ಮೇಣದ ದೀಪ ಹಚ್ಚುವ ಉತ್ಸವವಿದೆ. ಹಿಮ ಕಂಡಿರದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಸಂಜೆ ಸಿಗುವುದು ಕಷ್ಟ. ಹಿಡಿತವಿರುವ ಅಡಿಯ ಬೂಟು ಹಾಕಿಸಿ.

ನಿಮ್ಮ ಪರಿಸ್ಥಿತಿಗೆ ಯಾವುದು

ಕ್ಯೋಟೊ, ಒಸಾಕಾಗಳಲ್ಲಿ ಉಳಿದು ಒಂದೇ ದಿನ ಇರುವವರಿಗೆ ಒಮಿಹಚಿಮಾನ್. ಹಿರೋಶಿಮಾಗೆ ಹೇಗೂ ಹೋಗುವವರಿಗೆ ದಾರಿಯಲ್ಲಿ ಕುರಾಶಿಕಿ, ಸಾಧ್ಯವಾದರೆ ರಾತ್ರಿ ಉಳಿದುಕೊಂಡು. ಟೋಕಿಯೊದಿಂದ ಕದಲಲಾಗದವರಿಗೆ, ಅಥವಾ ನರಿತಾದಲ್ಲಿ ವಿಮಾನ ಹಿಡಿಯುವ ಮುನ್ನ ಒಂದು ದಿನ ಉಳಿದವರಿಗೆ ಸಾವಾರಾ. ನರಿತಾ ಪಟ್ಟಣದ ನಿಲ್ದಾಣದಿಂದ ಅರ್ಧ ಗಂಟೆ, ಟೋಕಿಯೊದಿಂದ ರೈಲಿನಲ್ಲಿ ಹತ್ತಿರ ಹತ್ತಿರ ಎರಡು ಗಂಟೆ. ಬರೀ ಇದಕ್ಕಾಗಿ ಜೆ.ಆರ್. ಪಾಸ್ ಎಂಬ ಪ್ರವಾಸಿಗಳ ರೈಲು ಪಾಸ್ ಕೊಳ್ಳಬೇಡಿ. 2023ರ ಅಕ್ಟೋಬರಿನಲ್ಲಿ ಏಳು ದಿನಗಳ ಪಾಸಿನ ಬೆಲೆ ಸುಮಾರು 30,000 ಯೆನ್‌ನಿಂದ 50,000 ಯೆನ್‌ಗೆ ಏರಿತು. ಒಮಿಹಚಿಮಾನ್ ಮತ್ತು ಸಾವಾರಾಗಳಿಗೆ ಬಿಡಿ ಟಿಕೆಟ್ ಬಹಳ ಅಗ್ಗ.

ವಯಸ್ಸಾದವರಿಗೆ, ಗಾಲಿಕುರ್ಚಿಯವರಿಗೆ ಕುರಾಶಿಕಿಯ ಅಗಲ, ಸಮತಟ್ಟಾದ ದಂಡೆ ಅನುಕೂಲ. ಒಮಿಹಚಿಮಾನ್‌ನಲ್ಲಿ ನೀರಿನ ಮಟ್ಟಕ್ಕೆ ಇಳಿಯಲು ಕಲ್ಲಿನ ಮೆಟ್ಟಿಲುಗಳಿವೆ, ದಾರಿ ಕಿರಿದು. ಸಾವಾರಾದಲ್ಲಿ ದಂಡೆಯ ಮೇಲೆಯೇ ಕಾರುಗಳು ಓಡಾಡುತ್ತವೆ, ಚಿಕ್ಕ ಮಕ್ಕಳ ಕೈ ಬಿಡಬೇಡಿ.

ಕಾಲದ ಮಾತು. ಏಪ್ರಿಲ್ ಮೊದಲ ವಾರದಲ್ಲಿ ಒಮಿಹಚಿಮಾನ್ ಕಾಲುವೆಯ ಮೇಲೆ ಚೆರ್ರಿ ಹೂ ಬಾಗಿರುತ್ತದೆ, ಜೂನ್ ಆರಂಭದಲ್ಲಿ ದಂಡೆಯುದ್ದಕ್ಕೂ ಐರಿಸ್ ಅರಳುತ್ತದೆ. ನಮ್ಮ ಶಾಲೆಗಳ ಬೇಸಿಗೆ ರಜೆ ಜಪಾನಿನ ಗೋಲ್ಡನ್ ವೀಕ್‌ಗೆ, ಅಂದರೆ ಏಪ್ರಿಲ್ 29ರಿಂದ ಮೇ 5ರವರೆಗಿನ ದಿನಗಳಿಗೆ, ಡಿಕ್ಕಿ ಹೊಡೆಯುತ್ತದೆ. ಆ ವಾರ ಯಾವ ಕಾಲುವೆಗೂ ಹೋಗದಿರುವುದು ಕ್ಷೇಮ. ಹೋಗಲೇಬೇಕೆಂದರೆ ಬೆಳಿಗ್ಗೆ ಎಂಟಕ್ಕೆ ಅಲ್ಲಿರಿ. ಚಳಿಗಾಲದಲ್ಲಿ ಸಾವಾರಾದ ದೋಣಿಗಳಲ್ಲಿ ಕಾಲು ಬೆಚ್ಚಗಿಡುವ ಕೊತಾತ್ಸು ಎಂಬ ಕುಳ್ಳ ಮೇಜು ಇಡುತ್ತಾರೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ನಾಲ್ಕೂ ಕಷ್ಟವೇ. ತರಕಾರಿಯ ಅಡುಗೆಯಲ್ಲೂ, ಸೋಬಾ ನೂಡಲ್ಸಿನ ಅದ್ದುಸಾರಿನಲ್ಲೂ ಒಣಮೀನಿನ ಸಾರ ಇರುತ್ತದೆ. ಒಮಿಹಚಿಮಾನ್‌ನ ವಿಶೇಷವಾದ ಕೆಂಪು ಕೊನ್ಯಾಕು ಗೆಡ್ಡೆಯಿಂದ ಮಾಡಿದ್ದು, ಬಣ್ಣ ಕಬ್ಬಿಣದ ಆಕ್ಸೈಡಿನದು, ಆದರೆ ಬೇಯಿಸುವುದು ಹೆಚ್ಚಾಗಿ ಅದೇ ಮೀನಿನ ಸಾರದಲ್ಲಿ. ಅಲ್ಲಿನ ದೆಚ್ಚಿ ಯೋಕಾನ್ ಎಂಬ ಸಿಹಿಯನ್ನು ನಿಶ್ಚಿಂತೆಯಿಂದ ತಿನ್ನಬಹುದು: ಕೆಂಪು ಅವರೆಯಂಥ ಅಜುಕಿ ಕಾಳು, ಹಿಟ್ಟು, ಸಕ್ಕರೆ ಕಲಸಿ ಬಿದಿರಿನ ಹಾಳೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದು. ಕುರಾಶಿಕಿಯ ಮುರಾಸುಜುಮೆ ಎಂಬ ಸಿಹಿತಿಂಡಿಯಲ್ಲಿ ಮೊಟ್ಟೆ ಇದೆ. ಒತಾರುವಿನಲ್ಲಿ ಎಲ್ಲೆಲ್ಲೂ ಸುಶಿ, ಸಸ್ಯಾಹಾರಿಗಳು ಸಪ್ಪೊರೊದಲ್ಲಿ ತಿಂದು ಹೊರಡಲಿ. ಕ್ಯೋಟೊದಿಂದ ಹೋಗುವವರು ಬುತ್ತಿ ಕಟ್ಟಿಕೊಂಡು ಹೋದರೆ ದಿನ ನೆಮ್ಮದಿಯಾಗಿ ಸಾಗುತ್ತದೆ.

ಕೊನೆಯದಾಗಿ ರೈಲಿನ ಸಮಯ. ಒಮಿಹಚಿಮಾನ್, ಕುರಾಶಿಕಿ, ಒತಾರುಗಳಿಂದ ಹಿಂದಿರುಗಲು ರೈಲಿಗೆ ಹೆಚ್ಚು ಕಾಯಬೇಕಿಲ್ಲ. ಸಾವಾರಾದಿಂದ ಮಾತ್ರ ಗಂಟೆಗೊಂದರಂತೆ ಇವೆ. ನಿಲ್ದಾಣದಲ್ಲಿ ಇಳಿದ ಕೂಡಲೇ ವೇಳಾಪಟ್ಟಿಯ ಚಿತ್ರ ತೆಗೆದುಕೊಂಡು, ಯಾವ ರೈಲಿಗೆ ಮರಳುತ್ತೀರೆಂದು ಅಲ್ಲಿಯೇ ತೀರ್ಮಾನಿಸಿ ಹೊಳೆಯ ಕಡೆಗೆ ಹೊರಡಿ.